ಶಿಕ್ಷಕರ ಅಂಕ ಹೆಚ್ಚು, ತಾಯಿಯ ಅಂಕ ಕಡಿಮೆ: ಯಾವುದು ಸರಿ?

ಪ್ರಶ್ನೆ: ನನ್ನ ಮಗನಿಗೆ 9 ವರ್ಷ. ಎಂಟು ತಿಂಗಳಿಂದ ತರಗತಿಯಲ್ಲಿ ಸಿಡುಕುತ್ತಾನೆ, ಶಿಕ್ಷಕರಿಗೆ ಎದುರು ಮಾತನಾಡುತ್ತಾನೆ, ಹೇಳಿದ ಕೆಲಸ ಮಾಡುವುದಿಲ್ಲ ಎಂಬ ದೂರು ಬರುತ್ತಿದೆ. ಮನೆಯಲ್ಲಿ ತಂಗಿಯೊಡನೆ ಜಗಳವಾಡುವುದನ್ನು ಬಿಟ್ಟರೆ ಅಂಥದ್ದೇನೂ ಕಾಣುವುದಿಲ್ಲ. ನಡವಳಿಕೆಯ ಪ್ರಶ್ನಾವಳಿಯಲ್ಲಿ ಶಿಕ್ಷಕರು ಕೊಟ್ಟ ಅಂಕ ಬಹಳ ಹೆಚ್ಚು, ನಾನು ಕೊಟ್ಟದ್ದು ಕಡಿಮೆ. ಯಾರದು ಸರಿ? ಮಿದುಳಿನ ಸ್ಕ್ಯಾನ್ ಮಾಡಿಸಿದರೆ ತಿಳಿಯುವುದೇ?

ಉತ್ತರ: ಇಬ್ಬರದೂ ಸರಿಯಿರಬಹುದು. ಪೋಷಕರ ಮತ್ತು ಶಿಕ್ಷಕರ ಉತ್ತರಗಳು ಹೊಂದದಿರುವುದು ಬಹಳ ಸಾಮಾನ್ಯ. ಆ ಅಂತರವನ್ನು ತಪ್ಪೆಂದು ಬದಿಗೊತ್ತದೆ, ಶಾಲೆಯಲ್ಲಿ ಮಾತ್ರ ಹೀಗಾಗಲು ಅಲ್ಲಿ ಏನಿದೆ ಎಂದು ಹುಡುಕುವುದೇ ನಮ್ಮ ಮೊದಲ ಕೆಲಸ. ಪ್ರಶ್ನಾವಳಿಯು ಎಲ್ಲಿ ನೋಡಬೇಕೆಂದು ತೋರಿಸುತ್ತದೆಯೇ ಹೊರತು ರೋಗನಿರ್ಣಯ ಮಾಡುವುದಿಲ್ಲ.

ಮಾನಸಿಕ ಸಮಸ್ಯೆಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಪ್ರಕಟವಾದ ಡಿಎಸ್ಎಂ-5 ಕೈಪಿಡಿಯ ಪ್ರಕಾರ, 'ಅಪೋಸಿಷನಲ್ ಡಿಫಯಂಟ್ ಡಿಸಾರ್ಡರ್' (ಹಿರಿಯರನ್ನು ಸದಾ ವಿರೋಧಿಸುವ, ಧಿಕ್ಕರಿಸುವ ನಡವಳಿಕೆಯ ಸಮಸ್ಯೆ) ಎನ್ನಲು ಸಿಡುಕು, ವಾದ, ಧಿಕ್ಕಾರ, ಹಗೆ ಸಾಧಿಸುವಿಕೆಗೆ ಸೇರಿದ 8 ಲಕ್ಷಣಗಳಲ್ಲಿ ಕನಿಷ್ಠ 4 ಲಕ್ಷಣಗಳು 6 ತಿಂಗಳಾದರೂ ಇರಬೇಕು, ಅವು ಒಡಹುಟ್ಟಿದವರಲ್ಲದ ಒಬ್ಬರೊಡನೆಯಾದರೂ ಕಾಣಬೇಕು. ಹಾಗಾಗಿ ತಂಗಿಯೊಡನೆ ನಡೆಯುವ ಜಗಳವೊಂದೇ ಲೆಕ್ಕಕ್ಕೆ ಬಾರದು. 5 ವರ್ಷ ದಾಟಿದ ಮಕ್ಕಳಲ್ಲಿ ಈ ನಡವಳಿಕೆ ಸಾಮಾನ್ಯವಾಗಿ ವಾರಕ್ಕೊಮ್ಮೆಯಾದರೂ ಕಾಣಿಸಿಕೊಳ್ಳಬೇಕು, ಮಗುವಿಗೋ ಸುತ್ತಲಿನವರಿಗೋ ಅದರಿಂದ ನಿಜವಾದ ತೊಂದರೆಯಾಗುತ್ತಿರಬೇಕು. ಒಂದೇ ಕಡೆ ಕಂಡರೂ ನಿರ್ಣಯಕ್ಕೆ ಅಡ್ಡಿಯಿಲ್ಲ. ಅದನ್ನು ಸೌಮ್ಯ ಪ್ರಮಾಣದ್ದೆಂದು ಕರೆಯುತ್ತಾರೆ. ಹೊಡೆದಾಟ, ಕಳವು, ಪ್ರಾಣಿಹಿಂಸೆ, ಬೆಂಕಿ ಹಚ್ಚುವುದು ಇವೆಲ್ಲ 'ಕಂಡಕ್ಟ್ ಡಿಸಾರ್ಡರ್' ಎಂಬ ಬೇರೆ, ಹೆಚ್ಚು ಗಂಭೀರವಾದ ಸಮಸ್ಯೆಗೆ ಸೇರಿದವು. ನಿಮ್ಮ ಪತ್ರದಲ್ಲಿ ಅವುಗಳ ಸುಳಿವಿಲ್ಲ.

ಲಕ್ಷಣಗಳನ್ನು ಎಣಿಸುವುದು ಸುಲಭ, ಅವುಗಳ ಹಿಂದಿನ ಕಾರಣ ತಿಳಿಯುವುದು ಕಷ್ಟ. ಓದಲು ಕಷ್ಟಪಡುವ ಹುಡುಗ ಪುಸ್ತಕ ತೆರೆಯೆಂದೊಡನೆ ರೇಗುವುದನ್ನೂ, ಗಮನದ ಕೊರತೆಯುಳ್ಳವನು ಹೇಳಿದ್ದನ್ನು ಅರ್ಧಕ್ಕೇ ಮರೆಯುವುದನ್ನೂ, ಸಹಪಾಠಿಗಳ ಕಿರುಕುಳಕ್ಕೆ ಸಿಕ್ಕವನು ಎಲ್ಲರ ಮೇಲೂ ಹರಿಹಾಯುವುದನ್ನೂ, ಖಿನ್ನತೆಯುಳ್ಳವನು ಅಳುವ ಬದಲು ಸಿಡುಕುವುದನ್ನೂ ಹೊರಗಿನಿಂದ ನೋಡಿದವರು 'ಹಠಮಾರಿತನ' ಎಂಬ ಒಂದೇ ಹೆಸರಿನಿಂದ ಕರೆದುಬಿಡುತ್ತಾರೆ. ಆದ್ದರಿಂದ ಎರಡು ವಾರ ಒಂದು ಟಿಪ್ಪಣಿ ಇಡುವಂತೆ ಶಿಕ್ಷಕರನ್ನು ಕೇಳಿಕೊಳ್ಳಿ: ಪ್ರತಿ ಗಲಾಟೆಗೆ ಮುನ್ನ ಏನಾಯಿತು, ಹುಡುಗ ಏನು ಮಾಡಿದ, ಅನಂತರ ಉಳಿದವರು ಏನು ಮಾಡಿದರು. ಗಲಾಟೆಗಳೆಲ್ಲ ಗಟ್ಟಿಯಾಗಿ ಓದಿಸುವ ಅವಧಿಯಲ್ಲೇ ಆಗುತ್ತಿದ್ದು, ಪ್ರತಿ ಬಾರಿಯೂ ಅವನನ್ನು ಹೊರಗೆ ಕಳುಹಿಸುತ್ತಿದ್ದರೆ, ಓದಿನಿಂದ ತಪ್ಪಿಸಿಕೊಳ್ಳುವ ದಾರಿ ಅವನಿಗೆ ಸಿಕ್ಕಿದೆ ಎಂದೇ ನಾನು ಶಂಕಿಸುವೆ. ಆಗ ಓದುವುದರಲ್ಲಿ ಅವನಿಗೆ ಕಷ್ಟವಿದೆಯೇ ಎಂದು ನೋಡುವ ಕಲಿಕಾ ಪರೀಕ್ಷೆ ಮೊದಲು ಆಗಬೇಕು.

ಮಕ್ಕಳ ಮನೋವೈದ್ಯರು ನಿಮ್ಮೊಡನೆಯೂ ಹುಡುಗನೊಡನೆಯೂ ಬೇರೆಬೇರೆಯಾಗಿ ಮಾತನಾಡುವರು. ನಿದ್ರೆ, ಮನೆಯ ಶಿಸ್ತು, ದಂಪತಿಗಳ ಜಗಳ ಇವುಗಳ ಬಗ್ಗೆಯೂ ಕೇಳುವರು. ಅದನ್ನು ದೋಷಾರೋಪಣೆಯೆಂದು ತಿಳಿಯಬೇಡಿ. ಸಾಯುವ ಅಥವಾ ತನ್ನನ್ನು ಗಾಯಗೊಳಿಸಿಕೊಳ್ಳುವ ಮಾತನ್ನು ಅವನು ಆಡಿದ್ದರೆ, ಟಿಪ್ಪಣಿ ಮುಗಿಯುವವರೆಗೆ ಕಾಯದೆ ಕೂಡಲೇ ಕರೆದೊಯ್ಯಿರಿ.

ಸ್ಕ್ಯಾನ್ ಆಗಲಿ ರಕ್ತಪರೀಕ್ಷೆಯಾಗಲಿ ಈ ಸಮಸ್ಯೆಯನ್ನು ಗುರುತಿಸಲಾರವು. ತಲೆಗೆ ಪೆಟ್ಟು ಅಥವಾ ಫಿಟ್ಸ್‌ನ ಅನುಮಾನವಿದ್ದರೆ ಮಾತು ಬೇರೆ. ನಾನಾದರೆ ಮೊದಲು ಕಿವಿ, ಕಣ್ಣುಗಳ ಪರೀಕ್ಷೆ ಮಾಡಿಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕುಳಿತು ಅರ್ಧ ಮಾತು ಕೇಳಿಸದ ಹುಡುಗನೂ ಹೇಳಿದ್ದನ್ನು ಮಾಡುವುದಿಲ್ಲ.