ಬಾವುಟ ಇರುವುದು ಟವರ್ ಮೇಲಲ್ಲ

ಓದುಗ ಮಿತ್ರರೇ, ನಮಸ್ಕಾರ.

ಫ್ಲ್ಯಾಗ್‌ಶಿಪ್ ಸ್ಟೇಷನ್ ಅಂದರೆ ರೇಡಿಯೊ ಜಾಲದಲ್ಲೇ ಅತಿ ಶಕ್ತಿಶಾಲಿ ಕೇಂದ್ರ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೆವು. ಹಾಗಾದರೆ ಅಮೆರಿಕದ ಸಿನ್ಸಿನಾಟಿಯ ಡಬ್ಲ್ಯುಎಲ್‌ಡಬ್ಲ್ಯು ಕೇಂದ್ರ ಯಾಕೆ ಅಲ್ಲಿನ ರೇಡಿಯೊ ಜಾಲ ಎನ್‌ಬಿಸಿಯ ಫ್ಲ್ಯಾಗ್‌ಶಿಪ್ ಆಗಲಿಲ್ಲ ಎಂದು ನೀವು ಕೇಳಿದ್ದೀರಿ. ನಿಮ್ಮ ಮಾತು ಸರಿ, ನಾವು ಬರೆದದ್ದು ತಪ್ಪು.

1934ರಿಂದ 1939ರವರೆಗೆ ಆ ಕೇಂದ್ರದ ಶಕ್ತಿ 500 ಕಿಲೊವ್ಯಾಟ್. ಅಮೆರಿಕದ ಬೇರೆ ದೊಡ್ಡ ಕೇಂದ್ರಗಳಿಗೆ 50 ಕಿಲೊವ್ಯಾಟೇ ಮಿತಿ. ಅಷ್ಟಿದ್ದೂ ಎನ್‌ಬಿಸಿ ಪಾಲಿಗೆ ಅದು ಕಾರ್ಯಕ್ರಮ ಪಡೆದು ಬಿತ್ತರಿಸುವ ಸಹ ಕೇಂದ್ರ ಅಷ್ಟೇ.

ಈ ಪದ ನೌಕಾಪಡೆಯಿಂದ ಬಂದದ್ದು. ಜಾಸ್ತಿ ಫಿರಂಗಿ ಇರುವ ಹಡಗು ಅಂತಲ್ಲ. ದಳದ ಮುಖ್ಯಸ್ಥ ಯಾವ ಹಡಗಿನಲ್ಲಿದ್ದಾನೋ ಅದರ ಮೇಲೆ ಅವನ ಬಾವುಟ, ಅದೇ ಫ್ಲ್ಯಾಗ್‌ಶಿಪ್. ಅವನು ಹಡಗು ಬದಲಿಸಿದರೆ ಬಾವುಟವೂ ಅವನ ಜೊತೆ ಹೋಗುತ್ತದೆ. ರೇಡಿಯೊದಲ್ಲೂ ಹಾಗೆಯೇ. ಕಾರ್ಯಕ್ರಮ ಎಲ್ಲಿ ಹುಟ್ಟುತ್ತದೆ, ಅದರ ಹೊಣೆ ಯಾರದ್ದು ಎಂದು ನೋಡಬೇಕು.

ಎನ್‌ಬಿಸಿಗೆ ರೆಡ್, ಬ್ಲೂ ಎಂಬ ಎರಡು ಜಾಲಗಳಿದ್ದವು. ರೆಡ್ ಜಾಲಕ್ಕೆ ಫ್ಲ್ಯಾಗ್‌ಶಿಪ್ ಆಗಿದ್ದದ್ದು ನ್ಯೂಯಾರ್ಕ್‌ನ ಡಬ್ಲ್ಯುಇಎಎಫ್ ಕೇಂದ್ರ. ಅದಕ್ಕೆ ಈ ಪಟ್ಟ ಸಿಕ್ಕಿದ್ದು ತಂತಿಯಿಂದ! ಅದು ಟೆಲಿಫೋನ್ ಕಂಪನಿ ಎಟಿ ಅಂಡ್ ಟಿ ಕಟ್ಟಿದ ಕೇಂದ್ರ. ಊರಿಂದೂರಿಗೆ ಹಾಡು, ಮಾತು ಕಳಿಸಲು ಒಳ್ಳೆಯ ತಂತಿ ಅವರ ಬಳಿಯೇ ಇತ್ತು. 1923ರ ಜನವರಿಯಲ್ಲೇ ಬೋಸ್ಟನ್‌ನ ಕೇಂದ್ರವೊಂದಕ್ಕೆ ಜೋಡಿಸಿ ನೋಡಿದ್ದರು. ಎದುರಾಳಿ ಕೇಂದ್ರ ಡಬ್ಲ್ಯುಜೆಜಡ್ ಟೆಲಿಗ್ರಾಫ್ ತಂತಿಯಲ್ಲೇ ಒದ್ದಾಡಬೇಕಾಯಿತು. ಅದರಲ್ಲಿ ಸಂಗೀತ ಚೆನ್ನಾಗಿ ಬರುತ್ತಿರಲಿಲ್ಲ. 1926ರಲ್ಲಿ ಆರ್‌ಸಿಎ ಕಂಪನಿ 10 ಲಕ್ಷ ಡಾಲರ್ ಕೊಟ್ಟು ಡಬ್ಲ್ಯುಇಎಎಫ್ ಕೊಂಡಿತು. ಅದೇ ವರ್ಷದ ನವೆಂಬರ್ 15ರಂದು ಆರ್‌ಸಿಎ ಕಟ್ಟಿದ ಎನ್‌ಬಿಸಿಯ ಪ್ರಸಾರ ಶುರುವಾಯಿತು. ಮುಂದೆ ಡಬ್ಲ್ಯುಜೆಜಡ್ ಎನ್‌ಬಿಸಿಯದೇ ಬ್ಲೂ ಜಾಲದ ಫ್ಲ್ಯಾಗ್‌ಶಿಪ್ ಆಯಿತು.

ಆಗ ಬಹುಪಾಲು ಎಲ್ಲವೂ ನೇರ ಪ್ರಸಾರ. ನಟರು, ವಾದ್ಯವೃಂದ, ಜಾಹೀರಾತು ಏಜೆನ್ಸಿ ಎಲ್ಲ ಜಾಸ್ತಿ ಇದ್ದದ್ದು ನ್ಯೂಯಾರ್ಕ್‌ನಲ್ಲೇ. ಅಲ್ಲಿ ಒಂದು ಮಾತು ತಪ್ಪಿದರೆ ಜಾಲದ ಎಲ್ಲ ಊರಲ್ಲೂ ತಪ್ಪಿದಂತೆ. ಎನ್‌ಬಿಸಿಯ ಮೂರು ಸ್ವರದ ಗಂಟೆ ನನಗೆ ತುಂಬಾ ಇಷ್ಟ. ಕೇಳುಗರಿಗೆ ಅದು ಇಂಪಾದ ನಾದ. ಸಹ ಕೇಂದ್ರದ ಎಂಜಿನಿಯರ್‌ಗೆ ಮಾತ್ರ ಅದು ಸೂಚನೆ: ಕಾರ್ಯಕ್ರಮ ಮುಗಿಯಿತು, ಈಗ ನಿಮ್ಮ ಕೇಂದ್ರದ ಹೆಸರು ಹೇಳಿ.

ಅಮೆರಿಕದ ಇನ್ನೊಂದು ಜಾಲ ಮ್ಯೂಚುವಲ್‌ನ ಕಥೆ ಬೇರೆ. 1934ರಲ್ಲಿ ನಾಲ್ಕು ಕೇಂದ್ರಗಳು ಕೂಡಿ ಅದನ್ನು ಕಟ್ಟಿದವು. ನಿಮ್ಮ ಡಬ್ಲ್ಯುಎಲ್‌ಡಬ್ಲ್ಯು ಕೂಡ ಅವುಗಳಲ್ಲಿ ಒಂದು. ಕಾರ್ಯಕ್ರಮಗಳೂ ಬೇರೆ ಬೇರೆ ಊರಿಂದ ಬರುತ್ತಿದ್ದವು. ಅಲ್ಲಿ ಬಾವುಟ ಒಂದೇ ಹಡಗಿನಲ್ಲಿ ಇರಲಿಲ್ಲ ಅನ್ನಬಹುದು.

ಈಗ ಈ ಪದ ಹೆಚ್ಚು ಕೇಳುವುದು ಆಟದ ಪ್ರಸಾರದಲ್ಲಿ. ತಂಡದ ಪಂದ್ಯಗಳ ಹಕ್ಕು ಪಡೆದು, ಜಾಲಕ್ಕೆ ತಲೆಯಾಗಿ ನಿಂತ ಕೇಂದ್ರವೇ ಫ್ಲ್ಯಾಗ್‌ಶಿಪ್. ಸೇಂಟ್ ಲೂಯಿಸ್‌ನ ಕೆಎಂಒಎಕ್ಸ್ 1955ರಿಂದ ಕಾರ್ಡಿನಲ್ಸ್ ಬೇಸ್‌ಬಾಲ್ ತಂಡಕ್ಕೆ ಹಾಗಿತ್ತು. 2006ರಲ್ಲಿ ಆ ಪಟ್ಟ ಅದೇ ಊರಿನ ಕೆಟಿಆರ್‌ಎಸ್‌ಗೆ ಹೋಯಿತು. 2011ರಲ್ಲಿ ವಾಪಸ್ ಬಂತು. ಆ ಐದು ವರ್ಷವೂ ಕೆಎಂಒಎಕ್ಸ್ 50 ಕಿಲೊವ್ಯಾಟ್ ಕೇಂದ್ರವಾಗಿಯೇ ಇತ್ತು.