ಮುಧೋಳದಿಂದ ಬೆಳಗಾವಿಗೆ ಕೆಟ್ಟ ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮುಧೋಳದ ಮನೆ ಮುಂದೆ ತಿಂಗಳುಗಟ್ಟಲೆ ನಿಂತ ಸ್ವಿಫ್ಟ್ ಸ್ಟಾರ್ಟ್ ಆಗುತ್ತಿಲ್ಲ. ಮಾವನ ಬೊಲೆರೋ ಇದೆ, ನೈಲಾನ್ ಹಗ್ಗ ಇದೆ. ಬೆಳಗಾವಿಯಲ್ಲಿ ಪರಿಚಯದ ಮೆಕ್ಯಾನಿಕ್ ಇದ್ದಾರೆ, ಅಲ್ಲಿ ತನಕ ಟೋಚನ್ ಹಾಕಿಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಬೊಲೆರೋ ಮಾವ ಓಡಿಸುತ್ತಾರೆ, ಹೊಸದಾಗಿ ಲೈಸೆನ್ಸ್ ತೆಗೆದ ತಮ್ಮ ಹಿಂದಿನ ಕಾರಿನಲ್ಲಿ ಕೂರುತ್ತಾನೆ ಅಂತಲೂ ಬರೆದಿದ್ದೀರಿ. ನಾನು ಲೋಕಾಪುರ ಕಡೆ ಗ್ಯಾರೇಜ್ ಕೆಲಸ ಮಾಡುವವನು. ಬೆಳಗಾವಿ ತನಕ ಬೇಡ. ಊರಲ್ಲೇ ಹತ್ತಿರದ ಗ್ಯಾರೇಜ್ ತನಕ ಆದರೆ ಮಾಡಬಹುದು. ಆದರೆ ತಮ್ಮನನ್ನು ಹಿಂದಿನ ಗಾಡಿಯಲ್ಲಿ ಕೂರಿಸಬೇಡಿ.

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ, ಅದಕ್ಕೆ ಇದನ್ನೇ ಮೊದಲು ಹೇಳುತ್ತೇನೆ. ಎಳೆಯುವ ಗಾಡಿಯದ್ದೇ ಕೆಲಸ, ಹಿಂದಿನವನು ಸುಮ್ನೆ ಸ್ಟೀರಿಂಗ್ ಹಿಡಿದು ಕೂತರೆ ಸಾಕು ಅಂದುಕೊಳ್ಳುತ್ತಾರೆ. ನಿಜ ಏನೆಂದರೆ ಕಷ್ಟದ ಕೆಲಸ ಪೂರ್ತಿ ಹಿಂದಿನವನದ್ದು. ಎಂಜಿನ್ ಆಫ್ ಇದ್ದಾಗ, ಪೆಡಲ್ ಹಗುರ ಮಾಡುವ ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುವುದಿಲ್ಲ. ಒಂದೆರಡು ಸಲ ಪೆಡಲ್ ಒತ್ತುವ ತನಕ ಉಳಿದ ವ್ಯಾಕ್ಯೂಮ್ ಇರುತ್ತದೆ, ಆಮೇಲೆ ಪೆಡಲ್ ಕಲ್ಲಿನ ಹಾಗೆ ಗಟ್ಟಿ. ಬ್ರೇಕ್ ಹಿಡಿಯುತ್ತದೆ, ಆದರೆ ಕಾಲಿನ ಪೂರ್ತಿ ಬಲ ಹಾಕಿ ತುಳಿಯಬೇಕು. ಹೊಸಬ ಇಲ್ಲಿ ಗಾಬರಿ ಆಗುತ್ತಾನೆ, ಬ್ರೇಕ್ ಫೇಲ್ ಆಯಿತು ಅಂದುಕೊಂಡು ಕಾಲು ಎತ್ತಿಬಿಡುತ್ತಾನೆ. ಪವರ್ ಸ್ಟೀರಿಂಗ್ ಸಹಾಯವೂ ಇರುವುದಿಲ್ಲ, ನಿಧಾನಕ್ಕೆ ಹೋಗುವಾಗ ಸ್ಟೀರಿಂಗ್ ತಿರುಗಿಸಲು ತೋಳು ನೋಯುತ್ತದೆ. ಮುಂದಿನ ಗಾಡಿ ನಿಂತರೆ ಮೂರ್ನಾಲ್ಕು ಮೀಟರ್ ಒಳಗೆ ಇವನೂ ನಿಲ್ಲಿಸಬೇಕು. ಹಾಗಾಗಿ ನಿಮ್ಮ ಮನೆಯಲ್ಲಿ ಯಾರ ಕೈ ಜಾಸ್ತಿ ಪಳಗಿದೆಯೋ ಅವರೇ ಹಿಂದೆ ಕೂರಲಿ. ಮಾವ ಹಿಂದೆ, ನೀವು ಬೊಲೆರೋದಲ್ಲಿ. ತಮ್ಮ ಮನೆಯಲ್ಲೇ ಇರಲಿ. ಹಿಂದಿನ ಕಾರಿನಲ್ಲಿ ಡ್ರೈವರ್ ಬಿಟ್ಟು ಬೇರೆ ಯಾರೂ ಇರಬಾರದು, ಮಕ್ಕಳಂತೂ ಬೇಡವೇ ಬೇಡ.

ಬೆಳಗಾವಿ ಯಾಕೆ ಬೇಡ ಅಂದರೆ ದೂರ ಮತ್ತು ವೇಗ. ಹಗ್ಗದಲ್ಲಿ ಎಳೆಯುವಾಗ ಗಂಟೆಗೆ 20, ಜಾಸ್ತಿ ಅಂದರೆ 25 ಕಿಮೀ. 1989ರ ರಸ್ತೆ ನಿಯಮಗಳಲ್ಲೇ 24 ಕಿಮೀ ಮಿತಿ ಇಟ್ಟಿದ್ದರು. ಎರಡು ಗಾಡಿಗಳ ನಡುವೆ 5 ಮೀಟರ್‌ಗಿಂತ ಹೆಚ್ಚು ಅಂತರ ಇರಬಾರದು, ಹಿಂದಿನ ಗಾಡಿಯ ಸ್ಟೀರಿಂಗ್‌ನಲ್ಲಿ ಲೈಸೆನ್ಸ್ ಇರುವವರೇ ಕೂರಬೇಕು, ಆ ಗಾಡಿಯ ಹಿಂಭಾಗದಲ್ಲಿ ಬಿಳಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ, ಕನಿಷ್ಠ 75 ಮಿಲಿಮೀಟರ್ ಎತ್ತರಕ್ಕೆ, 'ಆನ್ ಟೋ' ಅಂತ ಇಂಗ್ಲಿಷಿನಲ್ಲಿ ಬರೆಯಬೇಕು ಅಂತಲೂ ಅದರಲ್ಲಿತ್ತು. ಆ ನಿಯಮಗಳ ಜಾಗಕ್ಕೆ 2017ರಲ್ಲಿ ಹೊಸವು ಬಂದಿವೆ, ಆದರೆ ಈ ಮಾತುಗಳು ಇವತ್ತಿಗೂ ಪಾಲಿಸಲು ಯೋಗ್ಯ. ಈಗ ಲೆಕ್ಕ ಹಾಕಿ. ಮುಧೋಳದಿಂದ ಬೆಳಗಾವಿ ನೂರು ಕಿಲೋಮೀಟರ್ ಆಸುಪಾಸು. ಆ ವೇಗದಲ್ಲಿ ನಾಲ್ಕು ತಾಸಿಗೂ ಜಾಸ್ತಿ. ಅಷ್ಟು ಹೊತ್ತು ಒಬ್ಬ ಮನುಷ್ಯ ಹಗ್ಗದ ಮೇಲೆ ಕಣ್ಣಿಟ್ಟು, ಗಟ್ಟಿ ಪೆಡಲ್ ತುಳಿಯುತ್ತಾ ಕೂರಲು ಆಗುವುದಿಲ್ಲ.

ಜೊತೆಗೆ ನಮ್ಮ ಕಡೆಯ ರಸ್ತೆ ನಿಮಗೆ ಗೊತ್ತೇ ಇದೆ. ಕಬ್ಬಿನ ಸೀಸನ್ ಶುರುವಾದರೆ ಮುಧೋಳ, ಜಮಖಂಡಿ, ಗೋಕಾಕ ಸುತ್ತ ಎರಡೆರಡು ಟ್ರೇಲರ್ ಹಾಕಿಕೊಂಡ ಟ್ರ್ಯಾಕ್ಟರ್‌ಗಳ ಸಾಲು. ಅವನ್ನು ದಾಟಿ ಬರುವ ಬಸ್ಸು ಎದುರಿಗೆ ಬಂದರೆ ನೀವು ಪಕ್ಕಕ್ಕೆ ಸರಿಯಲೂ ಆಗುವುದಿಲ್ಲ, ಏಕೆಂದರೆ ನಿಮ್ಮದು ಒಂದು ಗಾಡಿಯಲ್ಲ, ಎರಡು. ನನಗೆ ಇದಕ್ಕಿಂತ ಜಾಸ್ತಿ ಭಯ ಇರುವುದು ಬೈಕ್‌ಗಳದ್ದು. ಊರೊಳಗೆ ಸರ್ಕಲ್‌ನಲ್ಲಿ ಎರಡು ಗಾಡಿಗಳ ನಡುವೆ ಜಾಗ ಕಂಡರೆ ಸಾಕು, ಬೈಕಿನವರು ನುಗ್ಗುತ್ತಾರೆ. ಸಂತೆಯ ದಿನ ನಡೆದು ಹೋಗುವವರೂ ದಾಟುತ್ತಾರೆ. ನೀಲಿಯೋ ಕಪ್ಪೋ ಬಣ್ಣದ ಹಗ್ಗ ಡಾಂಬರಿನ ಮೇಲೆ ಕಾಣುವುದೇ ಇಲ್ಲ. ಬಿಗಿಯಾದ ಹಗ್ಗ ಸವಾರನ ಎದೆಗೆ ಬಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ದಯವಿಟ್ಟು ಹಗ್ಗದ ಉದ್ದಕ್ಕೂ ಎರಡು ಮೂರು ಕಡೆ ಕೆಂಪು ಬಟ್ಟೆ ಕಟ್ಟಿ. ನಡುವೆ ಒಂದು ಒದ್ದೆ ಗೋಣಿಚೀಲ ಹಾಕಿ ಕಟ್ಟಿದರೆ ಇನ್ನೂ ಒಳ್ಳೆಯದು. ದೂರದಿಂದ ಕಾಣುತ್ತದೆ, ಹಗ್ಗ ಹರಿದರೂ ಅದರ ಭಾರಕ್ಕೆ ತುದಿ ಹಾರುವ ಜೋರು ತಗ್ಗುತ್ತದೆ. ಸಂತೆಯ ದಿನ ಬಿಡಿ, ಬೆಳಗ್ಗೆ ಬೇಗ ರಸ್ತೆ ಖಾಲಿ ಇರುವಾಗ ಹೊರಡಿ. ಕತ್ತಲಾದ ಮೇಲೆ ಖಂಡಿತ ಬೇಡ.

ನಿಮ್ಮ ನೈಲಾನ್ ಹಗ್ಗ ಬಾವಿಗೋ ಮೇವಿನ ಹೊರೆಗೋ ತಂದದ್ದಾದರೆ ಅಲ್ಲೇ ಇರಲಿ. ಅಂಗಡಿಯಲ್ಲಿ ಟೋ ಪಟ್ಟಿ ಸಿಗುತ್ತದೆ. ಮೂರರಿಂದ ಐದು ಟನ್ ಅಂತ ಬರೆದಿರುವ, ಸುಮಾರು 4 ಮೀಟರ್ ಉದ್ದದ್ದು ತನ್ನಿ. ಸ್ವಿಫ್ಟ್ ತೂಕ ಒಂದು ಟನ್ ಆಸುಪಾಸು, ಆದರೂ ಒಮ್ಮೆಲೇ ಜಗ್ಗಿ ಜಟಕಾ ಬಿದ್ದಾಗ ಹಗ್ಗದ ಮೇಲೆ ಬೀಳುವ ಭಾರ ಅದರ ಹಲವು ಪಟ್ಟು. ಉಕ್ಕಿನ ವೈರು, ಸರಪಳಿ ಬೇಡ. ಅವು ಹಿಗ್ಗುವುದಿಲ್ಲ, ಜಟಕಾ ಪೂರ್ತಿ ಹುಕ್‌ಗೆ ಬೀಳುತ್ತದೆ. ಗಂಟು ಹಾಕಿದ ಹಳೆ ಹಗ್ಗವೂ ಬೇಡ, ಗಂಟಿನ ಹತ್ರವೇ ಹರಿಯುತ್ತದೆ.

ಕಟ್ಟುವ ಜಾಗ ಇನ್ನೂ ಮುಖ್ಯ. ಬಂಪರ್‌ಗೆ ಕಟ್ಟಿದರೆ ಬಂಪರ್ ಕಿತ್ತು ಬರುತ್ತದೆ. ಸಸ್ಪೆನ್ಷನ್ ಆರ್ಮ್‌ಗೋ ಸ್ಟೀರಿಂಗ್ ರಾಡ್‌ಗೋ ಕಟ್ಟಿದರೆ ಅದು ಬಾಗಿ, ಎಂಜಿನ್ ರಿಪೇರಿ ಜೊತೆಗೆ ಇನ್ನೊಂದು ಖರ್ಚು ಬರುತ್ತದೆ. ಕಂಪನಿ ಕೊಟ್ಟ ಟೋ ಹುಕ್‌ಗೇ ಕಟ್ಟಬೇಕು. ಕೆಲವು ಕಾರುಗಳಲ್ಲಿ ಅದು ಕೆಳಗೆ ಬೆಸೆದೇ ಇರುತ್ತದೆ. ಕೆಲವಕ್ಕೆ ಬಂಪರ್‌ನಲ್ಲಿ ಚಿಕ್ಕ ಮುಚ್ಚಳ ಇದ್ದು, ಸ್ಟೆಪ್ನಿ ಹತ್ರ ಜಾಕ್ ಜೊತೆ ಇಟ್ಟಿರುವ ಹುಕ್ಕನ್ನು ಒಳಗೆ ತಿರುಗಿಸಬೇಕು. ಕೊನೆಯ ತನಕ ಬಿಗಿಯಬೇಕು, ಅರ್ಧ ತಿರುಗಿಸಿ ಬಿಟ್ಟರೆ ಕಿತ್ತು ಬಂದು ಗಾಜಿಗೇ ಬಡಿಯುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನಲ್ಲಿ ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ನಿಮ್ಮದರಲ್ಲಿ ಎಲ್ಲಿದೆ ಅಂತ ಮ್ಯಾನ್ಯುವಲ್ ಪುಸ್ತಕದಲ್ಲಿ ನೋಡಿ.

ತಿಂಗಳುಗಟ್ಟಲೆ ನಿಂತ ಗಾಡಿ ಅಲ್ವಾ, ಎಳೆಯುವ ಮೊದಲು ಟೈರಿಗೆ ಗಾಳಿ ಹಾಕಿ. ಹ್ಯಾಂಡ್ ಬ್ರೇಕ್ ಬಿಟ್ಟು ಇಬ್ಬರು ತಳ್ಳಿ ನೋಡಿ. ಗಾಲಿ ಉರುಳದೆ ಜಗ್ಗಿದರೆ ಬ್ರೇಕ್ ಹಿಡಿದುಕೊಂಡಿದೆ, ಬಿಡಿಸದೆ ಹೊರಡಬೇಡಿ. ಬ್ರೇಕ್ ಅಥವಾ ಸ್ಟೀರಿಂಗೇ ಕೆಟ್ಟಿದ್ದರೆ ಹಗ್ಗದ ಮಾತೇ ಇಲ್ಲ. ಕೀ ಹಾಕಿ ಇಗ್ನಿಷನ್ ಆನ್ ಮಾಡಿ ಇಡಿ, ಇಲ್ಲದಿದ್ದರೆ ನಡು ತಿರುವಿನಲ್ಲಿ ಸ್ಟೀರಿಂಗ್ ಲಾಕ್ ಬೀಳಬಹುದು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಹಾರ್ನ್ ಇಲ್ಲ, ಲೈಟ್ ಇಲ್ಲ, ಬಟನ್ ಸ್ಟಾರ್ಟ್ ಗಾಡಿಯಾದರೆ ಸ್ಟೀರಿಂಗ್ ಕೂಡ ಬಿಡಿಸಿಕೊಳ್ಳದು. ಹಾಗಾಗಿ ಮೊದಲು ಬೊಲೆರೋ ಬ್ಯಾಟರಿಯಿಂದ ಜಂಪರ್ ಕೇಬಲ್ ಹಾಕಿ ನೋಡಿ. ಇಷ್ಟು ದಿನ ನಿಂತ ಗಾಡಿಗೆ ಎಷ್ಟೋ ಸಲ ಬರೀ ಬ್ಯಾಟರಿಯದ್ದೇ ತೊಂದರೆ ಇರುತ್ತದೆ.

ಹೊರಡುವಾಗ ಬೊಲೆರೋ ಫಸ್ಟ್ ಗೇರ್‌ನಲ್ಲಿ ಇಂಚಿಂಚು ಮುಂದೆ ಹೋಗಲಿ. ಹಗ್ಗ ನೆಲ ಬಿಟ್ಟು ಬಿಗಿಯಾದ ಮೇಲೆ ಕ್ಲಚ್ ಪೂರ್ತಿ ಬಿಡಿ. ಹಿಂದಿನವರ ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹಗ್ಗ ಸಡಿಲ ಆಗುತ್ತಿದೆ ಅನ್ನಿಸಿದರೆ ಮೆಲ್ಲಗೆ ಬ್ರೇಕ್ ತುಳಿದು ಬಿಗಿ ಇಡಬೇಕು. ಇಳಿಜಾರಿನಲ್ಲಿ ಎರಡೂ ಗಾಡಿಯ ಬ್ರೇಕ್ ಅವರ ಕಾಲಲ್ಲೇ ಇದೆ ಅಂತ ತಿಳಿಯಿರಿ. ವಂಟಮುರಿ ಘಾಟ್, ಚೋರ್ಲಾ ಘಾಟ್ ಅಂಥ ಕಡೆ ಹಗ್ಗ ಕಟ್ಟುವ ಯೋಚನೆಯನ್ನೇ ಮಾಡಬಾರದು. ತಿರುವು ಅಗಲವಾಗಿ ತೆಗೆದುಕೊಳ್ಳಿ, ಹಿಂದಿನ ಗಾಡಿ ಒಳಗೆ ಸರಿಯುತ್ತದೆ. ಎರಡರ ಕಿಟಕಿಯೂ ಇಳಿಸಿರಲಿ. ಉದ್ದ ಹಾರ್ನ್ ಅಂದರೆ ನಿಲ್ಲಿಸು ಅಂತ ಮೊದಲೇ ಮಾತಾಡಿಕೊಳ್ಳಿ. ಪಕ್ಕದ ಹೊಲದ ಟ್ರ್ಯಾಕ್ಟರ್ ಕರೆಯೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎರಿ ಮಣ್ಣಿನಲ್ಲಿ ಹೂತ ಕಾರನ್ನು ಮೆಲ್ಲಗೆ ಹೊರಗೆ ಜಗ್ಗಲು ಅದು ಸರಿ. ರಸ್ತೆಯಲ್ಲಿ ಆ ಸದ್ದಿಗೆ ನಿಮ್ಮ ಹಾರ್ನ್ ಕೇಳುವುದಿಲ್ಲ, ಹಿಂದೆ ಕಾರು ಇದೆ ಅನ್ನುವುದೂ ಅದರ ಬಲಕ್ಕೆ ಗೊತ್ತಾಗುವುದಿಲ್ಲ.

ಬೆಳಗಾವಿಗೇ ಒಯ್ಯಬೇಕು ಅಂದರೆ ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಫ್ಲಾಟ್‌ಬೆಡ್ ಗಾಡಿ ತರಿಸಿ. ನಾಲ್ಕೂ ಗಾಲಿ ಮೇಲೆ, ಯಾರೂ ಒಳಗೆ ಕೂರಬೇಕಿಲ್ಲ. ಇನ್ಶೂರೆನ್ಸ್ ಪಾಲಿಸಿಯಲ್ಲಿ ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಾ, ಎಷ್ಟು ಕಿಮೀ ತನಕ ಎಳೆದು ಕೊಡುತ್ತಾರೆ ಅಂತ ಫೋನ್ ಮಾಡಿ ಕೇಳಿ, ತುಂಬಾ ಜನ ಆ ದುಡ್ಡು ಕಟ್ಟಿಯೂ ಬಳಸುವುದಿಲ್ಲ. ಇನ್ನೊಮ್ಮೆ ನ್ಯಾಷನಲ್ ಹೈವೇ ಮೇಲೆ, ಉದಾಹರಣೆಗೆ ಹಿರೇಬಾಗೇವಾಡಿ ಅಥವಾ ಹತ್ತರಗಿ ಟೋಲ್ ಆಸುಪಾಸು, ಗಾಡಿ ಕೆಟ್ಟರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಿ.

ಒಂದು ವಿಷಯ ನೀವು ಬರೆದಿಲ್ಲ. ನಿಮ್ಮ ಸ್ವಿಫ್ಟ್ ಮ್ಯಾನ್ಯುವಲ್ಲಾ, ಕ್ಲಚ್ ಪೆಡಲ್ ಇಲ್ಲದೆ ತಾನೇ ಗೇರ್ ಬದಲಿಸುವ ಎಜಿಎಸ್ಸಾ? ಎಜಿಎಸ್ ಆಗಿದ್ದು ಗೇರ್‌ನಲ್ಲೇ ಸಿಕ್ಕಿಕೊಂಡಿದ್ದರೆ ಬ್ಯಾಟರಿ ಇಲ್ಲದೆ ನ್ಯೂಟ್ರಲ್‌ಗೆ ಬರುವುದಿಲ್ಲ, ಆಗ ಊರೊಳಗೂ ಹಗ್ಗ ಬೇಡ, ಮುಂದಿನ ಗಾಲಿ ಎತ್ತಲೇಬೇಕು. ಕೆಳಗೆ ತಿಳಿಸಿ, ನೋಡಿ ಹೇಳುತ್ತೇನೆ.