ನೀಲಿ ಗುರಾಣಿಯ ಮೇಲಿನ ಚಿನ್ನದ ಪಟ್ಟಿ ಯಾರದು?

ಮಧ್ಯಯುಗದ ಇಂಗ್ಲೆಂಡಿನಲ್ಲಿ ಎರಡು ಮನೆತನಗಳು ಒಂದೇ ಲಾಂಛನವನ್ನು ಬಳಸಬಹುದಿತ್ತೇ, ಬಳಸಿದರೆ ತೀರ್ಮಾನಿಸುತ್ತಿದ್ದವರು ಯಾರು ಎಂದು ಕೇಳಿದ್ದೀರಿ. ರಕ್ತಸಂಬಂಧವಿಲ್ಲದವರು ಹಾಗೆ ಬಳಸಬಾರದೆಂಬುದು ನಿಯಮ. ಆ ನಿಯಮ ಎಷ್ಟು ಗಂಭೀರವಾದದ್ದೆಂದು ನನಗೆ ಮನದಟ್ಟಾದದ್ದು ಸ್ಕ್ರೋಪ್ ಮತ್ತು ಗ್ರೋವ್ನರ್ ಮೊಕದ್ದಮೆಯಿಂದ.

1385ರಲ್ಲಿ ದೊರೆ ಎರಡನೆಯ ರಿಚರ್ಡ್ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ, ಯಾರ್ಕ್‌ಶೈರಿನ ರಿಚರ್ಡ್ ಸ್ಕ್ರೋಪನು ತನ್ನ ಲಾಂಛನವನ್ನೇ ಚೆಷೈರಿನ ಸರ್ ರಾಬರ್ಟ್ ಗ್ರೋವ್ನರನೂ ಧರಿಸಿರುವುದನ್ನು ಕಂಡನು. ನೀಲಿ ಹಿನ್ನೆಲೆ, ಅದರ ಮೇಲೆ ಓರೆಯಾಗಿ ಹಾಯ್ದ ಒಂದು ಚಿನ್ನದ ಪಟ್ಟಿ; ಇದಕ್ಕಿಂತ ಸರಳವಾದ ಲಾಂಛನವನ್ನು ಊಹಿಸುವುದು ಕಷ್ಟ. ಹಳೆಯ ಲಾಂಛನಗಳೆಲ್ಲ ಹೀಗೆಯೇ ಸರಳವಾಗಿದ್ದವು, ಏಕೆಂದರೆ ರಣರಂಗದಲ್ಲಿ ದೂರದಿಂದಲೇ ಗುರುತು ಹತ್ತಬೇಕಿತ್ತು. ಅದೇ ಕಾರಣಕ್ಕೆ, ನಾಡಿನ ಬೇರೆ ಬೇರೆ ಮೂಲೆಗಳಲ್ಲಿದ್ದ ಇಬ್ಬರು ಪರಸ್ಪರ ಅರಿಯದೆ ಒಂದೇ ಚಿಹ್ನೆಯನ್ನು ಆರಿಸಿಕೊಳ್ಳುವುದೂ ಸಾಧ್ಯವಿತ್ತು. ಕಾರ್ನ್‌ವಾಲಿನ ಕಾರ್ಮಿನೋ ಮನೆತನವೂ ಇದೇ ಲಾಂಛನವನ್ನು ಆರ್ಥರ್ ದೊರೆಯ ಕಾಲದಿಂದ ತನ್ನದೆಂದು ಹೇಳಿಕೊಂಡಿತ್ತು.

ವ್ಯಾಜ್ಯವು ಸಾಮಾನ್ಯ ನ್ಯಾಯಾಲಯಕ್ಕೆ ಹೋಗದೆ, ಯುದ್ಧ ಮತ್ತು ಲಾಂಛನಗಳ ವಿಚಾರಕ್ಕೆಂದೇ ಇದ್ದ ಕೋರ್ಟ್ ಆಫ್ ಶಿವಲ್ರಿಯ ಮುಂದೆ ಬಂದಿತು. ಲಾಂಛನಾಧಿಕಾರಿಗಳ ಸಂಸ್ಥೆಯಾದ ಕಾಲೇಜ್ ಆಫ್ ಆರ್ಮ್ಸ್‌ಗೆ ರಾಜಶಾಸನ ದೊರೆತದ್ದು 1484ರಲ್ಲಿ. ಆ ಸಂಸ್ಥೆ ಇನ್ನೂ ಇರದ ಈ ಮೊಕದ್ದಮೆಯ ಕಾಲದಲ್ಲಿ ಕಣ್ಣಾರೆ ಕಂಡವರ ನೆನಪೇ ಮುಖ್ಯ ಸಾಕ್ಷ್ಯವಾಯಿತು. ಯಾವ ಮುತ್ತಿಗೆಯಲ್ಲಿ, ಯಾವ ಚರ್ಚಿನ ಕಿಟಕಿಯಲ್ಲಿ, ಯಾರ ಸಮಾಧಿಯ ಮೇಲೆ ಈ ಪಟ್ಟಿಯನ್ನು ನೋಡಿದ್ದೇವೆಂದು ಯೋಧರೂ ಮಠಾಧಿಪತಿಗಳೂ ಹೇಳಿಕೆ ನೀಡಿದರು.

ಅವರಲ್ಲಿ ಕವಿ ಜೆಫ್ರಿ ಚಾಸರನೂ ಒಬ್ಬನು. 1386ರ ಅಕ್ಟೋಬರಿನಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಸ್ಕ್ರೋಪನ ಪರವಾಗಿ ಸಾಕ್ಷಿ ನುಡಿದ ಅವನು, ಫ್ರಾನ್ಸಿನಲ್ಲಿ ತಾನು ಸೆರೆಸಿಕ್ಕಿದ ದಂಡಯಾತ್ರೆಯಲ್ಲಿ, ರೆತೆಲ್ ಊರಿನ ಮುಂದೆ, ಸ್ಕ್ರೋಪರು ಈ ಲಾಂಛನವನ್ನು ಧರಿಸಿದ್ದನ್ನು ಕಂಡಿದ್ದೆನೆಂದನು. ಆಮೇಲೆ ಅವನು ಹೇಳಿದ ಸಂಗತಿ ನನಗೆ ಬಹಳ ಪ್ರಿಯವಾದದ್ದು: ಒಮ್ಮೆ ಲಂಡನ್ನಿನ ಫ್ರೈಡೇ ಸ್ಟ್ರೀಟಿನಲ್ಲಿ ನಡೆದು ಹೋಗುತ್ತಿರುವಾಗ ಈ ಲಾಂಛನದ ಹೊಸ ಫಲಕವೊಂದು ತೂಗುತ್ತಿರುವುದನ್ನು ಕಂಡು, ಸ್ಕ್ರೋಪರು ಇಲ್ಲಿ ಬಿಡಾರ ಹೂಡಿದ್ದಾರೆಯೇ ಎಂದು ವಿಚಾರಿಸಿದನಂತೆ. ಅದು ಸರ್ ರಾಬರ್ಟ್ ಗ್ರೋವ್ನರನದು ಎಂಬ ಉತ್ತರ ಬಂದಿತು. ಆ ಹೆಸರನ್ನು ತಾನು ಕೇಳಿದ್ದು ಅದೇ ಮೊದಲು ಎಂದು ಚಾಸರ್ ನುಡಿದನು. ಎದುರಾಳಿಯನ್ನು ಒಂದು ಮಾತಿನಿಂದಲೂ ಹಳಿಯದೆ, ಆ ಲಾಂಛನ ಯಾರದೆಂದು ಲೋಕ ತಿಳಿದಿತ್ತು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಸಾಕ್ಷ್ಯ ಅಪರೂಪ.

1389ರ ತೀರ್ಪು ಸ್ಕ್ರೋಪನ ಕಡೆಗಾಯಿತು. ಬೆಳ್ಳಿಯ ಅಂಚನ್ನು ಸೇರಿಸಿಕೊಂಡು ಅದೇ ಲಾಂಛನವನ್ನು ಗ್ರೋವ್ನರ್ ಬಳಸಬಹುದೆಂದು ಹೇಳಿದ್ದರೂ, ಮರುವರ್ಷ ಮೇಲ್ಮನವಿಯಲ್ಲಿ ದೊರೆ ಅದನ್ನೂ ತಳ್ಳಿಹಾಕಿದನು: ಅಂಥ ಅಂಚು ಒಂದೇ ವಂಶದ ದಾಯಾದಿಗೆ ಸಲ್ಲುತ್ತದೆಯೇ ಹೊರತು ಪರಕೀಯನಿಗಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಈ ಮಾತಿನಲ್ಲಿಯೇ ಇದೆ.

ಗ್ರೋವ್ನರ್ ಮನೆತನವು ನೀಲಿ ಹಿನ್ನೆಲೆಯನ್ನು ಉಳಿಸಿಕೊಂಡು, ಪಟ್ಟಿಯ ಬದಲಿಗೆ ಚಿನ್ನದ ಗೋಧಿ ಸಿವುಡನ್ನು ಇಟ್ಟುಕೊಂಡಿತು. ಆದರೆ ಕಳೆದುಕೊಂಡದ್ದನ್ನು ಮರೆಯಲಿಲ್ಲ. ಮುಂದೆ ವೆಸ್ಟ್‌ಮಿನ್‌ಸ್ಟರಿನ ಡ್ಯೂಕ್ ಪದವಿಗೇರಿದ ಇದೇ ಮನೆತನದ ಕುದುರೆಯೊಂದು 1880ರ ಡರ್ಬಿಯನ್ನು ಗೆದ್ದಿತು. ಅದರ ಹೆಸರು ಬೆಂಡ್ ಆರ್. ಲಾಂಛನಶಾಸ್ತ್ರದ ಭಾಷೆಯಲ್ಲಿ ಚಿನ್ನದ ಓರೆಪಟ್ಟಿ ಎಂದರ್ಥ.